ಆಷಾಢದಲ್ಲಿ ನಿಂತ ಪಾಯ

ಸರ್ಕಾರದ ಮನೆಗೆ ಆಯ್ಕೆಯಾದವರನ್ನು ನಮ್ಮ ಪಂಚಾಯ್ತಿಯಲ್ಲಿ ‘ಫಲಾನುಭವಿ’ ಎನ್ನುತ್ತಾರೆ. ಪಾಯ ತೋಡುವ ಮೊದಲೇ, ಒಂದು ಇಟ್ಟಿಗೆ ಇಳಿಯುವ ಮೊದಲೇ, ಫಲ ಅನುಭವಿಸುತ್ತಿರುವವರು ಎಂದು ಹೆಸರಿಟ್ಟುಬಿಡುತ್ತಾರೆ. ಈ ಪದವನ್ನು ಹುಟ್ಟಿಸಿದವನು ಯಾರೋ ನನಗೆ ಗೊತ್ತಿಲ್ಲ. ಅವನ ತಲೆಯ ಮೇಲೆ ಒಳ್ಳೆಯ ಸೂರು ಇತ್ತು ಎನ್ನುವುದು ಮಾತ್ರ ಗೊತ್ತು.

ನಾನು ಸಿಂಧಘಟ್ಟದ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಕಾರ್ಯದರ್ಶಿ. ಹಾಲು ಅಳೆಯುವುದು, ಡಿಗ್ರಿ ನೋಡುವುದು, ಸ್ಯಾಂಪಲ್ ತೆಗೆಯುವುದು ನನ್ನ ಕೆಲಸ. ಕಂಡದ್ದಕ್ಕಿಂತ ಒಂದು ಗೆರೆ ಹೆಚ್ಚಿಗೆ ಬರೆಯಬಾರದು, ಕಡಿಮೆಯೂ ಬರೆಯಬಾರದು. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ಡೈರಿಯ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸಿದ್ದಾಳೆ. ಗಂಡ ತೀರಿಕೊಂಡು ಕೆಲವು ವರ್ಷವಾಗಿದೆ. ಅವಳಿಗಿದ್ದದ್ದು ಒಂದು ಹಸು, ಪಾಂಡವಪುರದ ಕಡೆಗೆ ಮದುವೆಯಾಗಿ ಹೋದ ಒಬ್ಬಳೇ ಮಗಳು, ಮತ್ತು ಒಂದು ಮಣ್ಣಿನ ಮನೆ. ಮನೆಯ ಪಡುವಣ ಗೋಡೆ ಹೊಟ್ಟೆ ಬಿಟ್ಟು ಬೀದಿಗೆ ವಾಲಿಕೊಂಡಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಮಗಳು ಬಸುರಿ ಎಂದು ಗೊತ್ತಾಯಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ವಾಲಿದ ಗೋಡೆಯ ಪಕ್ಕ ಬಾಣಂತಿಯನ್ನು ಮಲಗಿಸುವುದು ಹೇಗೆ ಎನ್ನುವುದೊಂದೇ ಅವಳ ಚಿಂತೆಯಾಗಿತ್ತು. ಆ ಹೊತ್ತಿಗೆ ಸರಿಯಾಗಿ ಮನೆ ಯೋಜನೆಯಲ್ಲಿ ಅವಳ ಹೆಸರು ಬಂತು.

ಸುದ್ದಿ ತಂದವನು ನಮ್ಮ ಪಂಚಾಯ್ತಿ ಮೆಂಬರು. ನನಗೆ ದಾಯಾದಿಯೇ ಆಗಬೇಕು. ಬೆಳಿಗ್ಗೆ ಹಾಲಿನ ಸಾಲು ನಿಂತಿರುವಾಗಲೇ ಬಂದ. ನಾಲ್ಕು ಜನ ಕೇಳದಿದ್ದರೆ ಅವನು ಒಳ್ಳೆಯ ಸುದ್ದಿ ಹೇಳುವವನಲ್ಲ.

“ಅಕ್ಕ, ನಿಂದು ಬಂದದೆ ಕಣಕ್ಕ. ಈಗ ಜಾಗದ ಫೋಟೋ ತೆಗೀಬೇಕು. ಹಳೇ ಮನೆ ನಿಂತಿದ್ರೆ ಕಂಪ್ಯೂಟ್ರು ತಕ್ಕೊಳಲ್ಲ. ಕೆಡವ್ಬುಡು.”

“ಕೆಡವ್ಬುಟ್ಟು ನಾನೆಲ್ಲಿರ್ಲಪ್ಪ?”

“ಕೊಟ್ಗೆ ಇಲ್ವಾ? ಎಲ್ಡು ತಿಂಗ್ಳು ಹಸಿನ್ ಜೊತೆ ಸಂಸಾರ ಮಾಡು. ಆಮೇಲೆ ಆರ್‌ಸಿಸಿ ಮನೆ ಯಜಮಾನ್ತಿ. ನಮ್ಮನ್ನ ಒಳಿಕ್ಕೆ ಬುಡ್ತೀಯೋ ಇಲ್ವೋ!”

“ಎಕ್ಕಡ ಆಚೆ ಬುಟ್ಬುಟ್ಟು ಬಂದ್ರೆ ಬುಡ್ತೀನಿ ಬುಡು,” ಎಂದಳು. ಸಾಲು ನಕ್ಕಿತು. ನಾನೂ ನಕ್ಕೆ.

ಅವಳೂ ಅವಳ ತಮ್ಮನೂ ಸೇರಿ ಮನೆ ಕೆಡವಿದರು. ಹೆಂಚುಗಳನ್ನು ಒಡೆಯದಂತೆ ಇಳಿಸಿ ಕೊಟ್ಟಿಗೆಯ ಗೋಡೆಗೆ ಒರಗಿಸಿ ಜೋಡಿಸಿದಳು. ಹಸುವನ್ನು ಒಂದು ಪಕ್ಕಕ್ಕೆ ಕಟ್ಟಿ, ಇನ್ನೊಂದು ಪಕ್ಕಕ್ಕೆ ಟಾರ್ಪಾಲು ಬಿಗಿದು ಒಲೆ ಹೂಡಿದಳು. ಪಂಚಾಯ್ತಿಯ ಬಿಲ್ ಕಲೆಕ್ಟರು ಮೊಬೈಲು ಹಿಡಿದುಕೊಂಡು ಬಂದು, “ಒಸಿ ಇಂದಕ್ಕೆ ನಿಂತ್ಕೊಳಕ್ಕ,” ಎಂದ. ಅವಳು ಹಿಂದಕ್ಕೆ ಸರಿದು, ಹಳೆಯ ಅಡುಗೆಮನೆ ಇದ್ದ ಕಡೆ, ಸೆರಗು ಹೊದ್ದು ನಿಂತಳು. ಹಿಂದೆ ಏನೂ ಇರಲಿಲ್ಲ. ಫೋಟೋ ಚೆನ್ನಾಗಿ ಬಂದಿದೆ ಎಂದು ಅವನು ಹೇಳಿದ.

ಸ್ವಲ್ಪ ದಿನಕ್ಕೆ ಆದೇಶವೂ ಆಯಿತು. ಆದರೆ ಆದೇಶದ ಪ್ರತಿ ಅವಳ ಕೈಗೆ ಬರಲಿಲ್ಲ. ಅದನ್ನು ಮುಖಂಡರೇ ತಮ್ಮ ಕೈಯಿಂದ ಕೊಡಬೇಕಂತೆ. ಮುಖಂಡರೆಂದರೆ ನಮ್ಮ ಕಡೆಯ ದೊಡ್ಡವರು. ಬೋರ್‌ವೆಲ್ಲಿಗೆ ಪೈಪು ಇಳಿಸಿದರೂ ರಿಬ್ಬನ್ನು ಕತ್ತರಿಸಲು ಬರುವವರು. ಸರ್ಕಾರದ ಬೊಕ್ಕಸದಿಂದ ಬರುವುದನ್ನು ತಮ್ಮ ಪಂಚೆಯ ಅಂಚಿನಿಂದ ಬಿಚ್ಚಿ ಕೊಟ್ಟಂತೆ ಕೊಡುವ ವಿದ್ಯೆ ಅವರಿಗೆ ಒಲಿದಿದೆ. ಅಷ್ಟರಲ್ಲಿ ಆಷಾಢ ಬಂತು.

“ಆಷಾಢ್ದಲ್ಲಿ ಮನೆ ಪತ್ರ ಕೊಟ್ರೆ ಏಳ್ಗೆ ಆಗಲ್ಲ ಅಂದ್ರು ಅವ್ರು,” ಎಂದು ಮೆಂಬರು ಡೈರಿ ಕಟ್ಟೆಯ ಮೇಲೆ ಕೂತು ವರದಿ ಒಪ್ಪಿಸಿದ.

“ಸರಿಯಾಗ್ ಯೋಳವ್ರೆ,” ಎಂದರು ಸಾಲಿನಲ್ಲಿದ್ದವರು. ಅವಳೂ ಹೌದೆಂದಳು. ನಮ್ಮಲ್ಲಿ ಆಷಾಢ ಬಂದರೆ ಹೊಸ ಸೊಸೆಯನ್ನೇ ತವರಿಗೆ ಕಳಿಸುತ್ತಾರೆ. ಪಾಯಕ್ಕೆ ಗುದ್ದಲಿ ಹಾಕುವವರು ಯಾರು? ಆ ಸಾಲಿನಲ್ಲಿ ಒಬ್ಬರಿಗೂ ಅದು ತಪ್ಪೆನಿಸಲಿಲ್ಲ.

ಶ್ರಾವಣ ಬಂತು, ಸಮಾರಂಭ ಬರಲಿಲ್ಲ. ಒಂದೊಂದು ತಾಲ್ಲೂಕಿಗೆ ಬೇರೆಬೇರೆ ವೇದಿಕೆ ಹಾಕಿದರೆ ಜನ ತೆಳ್ಳಗೆ ಕಾಣುತ್ತಾರೆಂದು, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕನ್ನೂ ಸೇರಿಸಿ ಒಂದೇ ಸಲ ಮಾಡುವುದೆಂದು ತೀರ್ಮಾನವಾಯಿತಂತೆ. ಜನ ದಪ್ಪಗೆ ಕಾಣಲಿ ಎಂದು ಮನೆಗಳು ಕಾದವು. ಗೌರಿ ಹಬ್ಬವೂ ಮುಗಿದ ಮೇಲೆ ಊರಿಗೆ ಬಸ್ಸು ಬಂತು.

“ನೀವೂ ಬನ್ನಿ ಅಣ್ಣಯ್ಯ. ಅದ್ರಲ್ಲಿ ಏನ್ ಬರ್ದವ್ರೆ ಅಂತ ಓದಿ ಯೋಳಿ,” ಎಂದಳು. ಹೋದೆ.

ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಮುಖಂಡರಿಗೆ ಸೇಬಿನ ಹಾರ ತಂದಿದ್ದರು. ಮನುಷ್ಯರು ಹೊರಲಾರದಷ್ಟು ದೊಡ್ಡದು, ಕ್ರೇನಿಗೆ ನೇತುಹಾಕಿದ್ದು. ಅವರು ಅದರ ಕೆಳಗೆ ಕೈಮುಗಿದು ನಿಂತರು. ಕ್ರೇನು ಹಿಂದೆ ಸರಿಯುವ ಮೊದಲೇ ಜನ ಮುಗಿಬಿದ್ದು ಸೇಬು ಕಿತ್ತುಕೊಂಡರು. ಸೂರಿಲ್ಲದವರ ಸಂಕಟ ತಮ್ಮ ನಿದ್ದೆ ಕೆಡಿಸಿದೆ ಎಂದು ಮುಖಂಡರು ಹೇಳಿದರು. ಮುಖ ನೋಡಿದರೆ ಚೆನ್ನಾಗಿ ನಿದ್ದೆ ಮಾಡಿದ್ದವರಂತೆ ಕಾಣುತ್ತಿದ್ದರು. ವೇದಿಕೆಗೆ ತಾಲ್ಲೂಕಿಗೆ ಕೆಲವರನ್ನು ಮಾತ್ರ ಕರೆದರು. ನಮ್ಮ ಕಡೆಯಿಂದ ಕರೆದವರಲ್ಲಿ ಅವಳೂ ಒಬ್ಬಳು. ಬಿಳಿ ಕೂದಲು, ಮಾಸಿದ ಸೀರೆ. ಫೋಟೋಗೆ ಒಗ್ಗುವ ಬಡತನ ಅವಳಲ್ಲಿತ್ತು.

ನಾನು ಮೆಟ್ಟಿಲ ಹತ್ತಿರವೇ ನಿಂತಿದ್ದೆ. ಅವಳು ಪತ್ರದ ಒಂದು ತುದಿ ಹಿಡಿದು, “ಸಾಮಿ, ಮಗ್ಳು ಬಾಣಂತನ ಅದೆ. ಒಸಿ ಬಿರ್ನೆ ಆಗಂಗೆ ಮಾಡ್ಕೊಡಿ,” ಎಂದಳು.

ಇನ್ನೊಂದು ತುದಿ ಹಿಡಿದಿದ್ದ ಮುಖಂಡರು, “ಆಯ್ತು ಆಯ್ತು, ಕ್ಯಾಮ್ರಾ ನೋಡಮ್ಮ,” ಎಂದರು.

ಊರಿಗೆ ಬಂದ ಮೇಲೆ ಅವಳು ತಡಮಾಡಲಿಲ್ಲ. ಒಳ್ಳೆಯ ದಿನ ನೋಡಿ ಗುದ್ದಲಿ ಪೂಜೆ ಮಾಡಿಸಿ, ಗಂಡ ಇದ್ದಾಗ ತರಿಸಿಹಾಕಿದ್ದ ಕಲ್ಲಿನಲ್ಲೇ ಪಾಯ ಕಟ್ಟಿಸಿದಳು. ಪಾಯದ ಫೋಟೋ ಏರಿಸಿದರೆ ಮೊದಲ ಕಂತು ಬರುತ್ತದೆ. ಬಿಲ್ ಕಲೆಕ್ಟರು ಬಂದ, ಮೊಬೈಲು ಒತ್ತಿದ, ಮತ್ತೆ ಒತ್ತಿದ.

“ಏನಪ್ಪ ಅದು, ಕೆಂಪ್ಗೆ ಬತ್ತಾ ಅದೆ?”

“ಬ್ಲಾಕ್ ಆಗದೆ ಕಣಕ್ಕ. ಆದೇಶ ಆದ್ಮೇಲೆ ಇಂತಿಷ್ಟು ದಿನ್ದೊಳ್ಗೆ ಪಾಯ ಆಕಿರ್ಬೇಕಿತ್ತು. ವಾಯ್ದೆ ಮುಗ್ದದೆ.”

“ಪತ್ರ ಕೊಟ್ಟಿದ್ದೇ ಮೊನ್ನೆ ಅಲ್ವೇನ್ಲಾ?”

“ನಿಂಗೆ ಕೊಟ್ಟಿದ್ದು ಮೊನ್ನೆ. ಕಂಪ್ಯೂಟ್ರಲ್ಲಿ ಆಗಿದ್ದು ಆಷಾಢಕ್ಕೆ ಮುಂಚೆ.”

“ಆಷಾಢ್ದಲ್ಲಿ ಯಾರ್ಲಾ ಪಾಯ ತೆಗೀತಾರೆ?”

“ಕಂಪ್ಯೂಟ್ರಿಗೆ ಆಷಾಢ ಇಲ್ಲ ಕಣಕ್ಕ,” ಎಂದ ಅವನು. ತಮಾಷೆಗೆ ಹೇಳಲಿಲ್ಲ. ಅವನ ದನಿಯೂ ಸಣ್ಣಗಾಗಿತ್ತು.

ನಾನು ಪಂಚಾಯ್ತಿ ಅಧಿಕಾರಿಯ ಹತ್ತಿರ ಹೋಗಿ ವಿಚಾರಿಸಿದೆ. ಶ್ರೀರಂಗಪಟ್ಟಣದ ವೇದಿಕೆಯ ಮೇಲೆ ಅವಳ ಕೈಗೆ ಪತ್ರ ಕೊಡುವ ಹೊತ್ತಿಗಾಗಲೇ ಆ ಮನೆ ಕಂಪ್ಯೂಟರಿನಲ್ಲಿ ಸತ್ತುಹೋಗಿತ್ತು. ನಿಮಗೆ ಗೊತ್ತಿರಲಿಲ್ಲವೇ ಎಂದು ಕೇಳಿದೆ. “ಗೊತ್ತಿತ್ತು. ಮೇಲಿನವರಿಗೆ ಹೇಳಿದೆವು. ಮೊದಲು ಕಾರ್ಯಕ್ರಮ ಆಗಲಿ, ಆಮೇಲೆ ನೋಡೋಣ ಅಂದರು,” ಎಂದರು. ಮೇಜಿನ ಮೇಲಿದ್ದ ಟೀಯನ್ನು ನನ್ನತ್ತ ಸರಿಸಿದರು. ನಾನು ಅದನ್ನು ಮುಟ್ಟಲಿಲ್ಲ. ಮೇಲಕ್ಕೆ ಬರೆದಿದ್ದೇವೆ ಎಂದೂ ಸೇರಿಸಿದರು. ಮೇಲೆ ಎನ್ನುವುದು ಎಲ್ಲಿದೆ ಎಂದು ನಮ್ಮ ತಾಲ್ಲೂಕಿನಲ್ಲಿ ಯಾರೂ ಈವರೆಗೆ ತೋರಿಸಿಲ್ಲ.

ಮೆಂಬರು ಡೈರಿ ಕಡೆ ಬರುವುದನ್ನು ನಿಲ್ಲಿಸಿದ. ದಸರಾ ಕಳೆದ ಒಂದು ಸಂಜೆ, ಅವಳು ಹಾಲು ಹಾಕುತ್ತಿರುವಾಗ ಬೀಗಿತ್ತಿಯ ಫೋನು ಬಂತು. ಇವಳಿಗೆ ಕಿವಿ ಮಂದ. ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು.

“ಏನ್ ಬೀಗಿತ್ತೀ, ಬಂಗ್ಲೆ ಎಲ್ಲಿಗ್ ಬಂತು? ಸೊಸೆ ಕಳುಸ್ಬೇಕಾ, ಇಲ್ಲಾ ಇಲ್ಲೇ ಮಡಿಕ್ಕೊಬೇಕಾ? ಹಸಿನ್ ಪಕ್ಕ ಮಂಚ ಆಕೋದಾದ್ರೆ ಈಗ್ಲೇ ಯೋಳ್ಬುಡಿ.”

ಸಾಲಿನಲ್ಲಿ ಇದ್ದವರೆಲ್ಲ ತಮ್ಮ ತಮ್ಮ ಕ್ಯಾನುಗಳನ್ನು ನೋಡಿಕೊಂಡರು.

“ಮಂಚ ಎಲ್ಲಾಕ್ಬೇಕೋ ನಾನ್ ಆಕುಸ್ತೀನಿ. ನೀವು ದಿನ ನೋಡಿ ಬೀಗಿತ್ತಿ,” ಎಂದಳು ಅವಳು.

ನನ್ನ ಹೆಂಡತಿ ಅಂದೇ ಹೋಗಿ ಕರೆದಳು. ನಮ್ಮ ಹಿತ್ತಿಲ ಕಡೆ ಒಂದು ಕೋಣೆ ಖಾಲಿ ಇತ್ತು. ಬಾಣಂತನ ಅಲ್ಲೇ ಆಗಲಿ ಎಂದಳು. ಅದಕ್ಕೆ ಅವಳು ಹೇಳಿದ್ದು ಇಷ್ಟು: “ನಿಮ್ ಮನೆ ತುಂಬ್ಲಿ ಕಣವ್ವ. ಆದ್ರೆ ಅಲ್ಲಿದ್ರೆ ನನ್ ಮಗ್ಳು ತವರ್ಗೆ ಬಂದ್ಲು ಅನ್ನಲ್ಲ ಜನ. ಡೈರಿಯವ್ರ ಮನೇಗ್ ಬಂದ್ಲು ಅಂತಾರೆ.”

ಆಮೇಲೊಂದು ಬೆಳಿಗ್ಗೆ ಅವಳ ಕ್ಯಾನು ಬರಲಿಲ್ಲ. ಹಾಲಿನ ಲಾರಿ ಹೋದ ಮೇಲೆ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಳು.

“ಅಸ ಕೊಟ್ಬುಟ್ಟೆ ಅಣ್ಣಯ್ಯ.”

ನಾನು ಪುಸ್ತಕದಲ್ಲಿ ಅವಳ ನಂಬರಿನ ಎದುರು ಗೆರೆ ಎಳೆದೆ.

ಹಸು ಮಾರಿದ ದುಡ್ಡಿನಲ್ಲಿ ಅದೇ ಪಾಯದ ಮೇಲೆ ಸಿಮೆಂಟ್ ಬ್ಲಾಕಿನ ಗೋಡೆ ಎದ್ದಿತು. ಎದೆಮಟ್ಟಕ್ಕೆ ಬ್ಲಾಕು ಮುಗಿಯಿತು; ಮೇಲಕ್ಕೆ ಹಳೆಯ ಮನೆಯ ಮಣ್ಣನ್ನೇ ಕಲಸಿ ಇಟ್ಟರು. ಮೇಲೆ ಶೀಟು, ಮುಂದಿನ ಪಡಸಾಲೆಗೆ ಹಳೆಯ ಹೆಂಚು. ಗಾರೆ ಇಲ್ಲ, ಕಿಟಕಿಗೆ ಬಾಗಿಲಿಲ್ಲ. ದೀಪಾವಳಿ ಆದ ಮೇಲೆ ಮಗಳು ಬಂದಳು. ಕೆ.ಆರ್. ಪೇಟೆಯ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ಹೆಣ್ಣುಕೂಸು ಎತ್ತಿಕೊಂಡು ಆ ಮನೆಗೇ ಬಂದಳು. ಬೀಗಿತ್ತಿ ನೋಡಲು ಬಂದವಳು ಗೋಡೆಯನ್ನು ಕೈಯಿಂದ ತಟ್ಟಿ ನೋಡಿದಳಂತೆ. ಬಿದ್ದಿಲ್ಲವೆಂದು ಬೇಸರವಾಗಿರಬೇಕು.

ಬಾಣಂತನ ಇನ್ನೂ ನಡೆಯುತ್ತಿರುವಾಗಲೇ ಸೂರಿಲ್ಲದವರ ಹೊಸ ಸಮೀಕ್ಷೆ ಶುರುವಾಯಿತು. ಅದೇ ಬಿಲ್ ಕಲೆಕ್ಟರು ಬಂದ. ಜೊತೆಗೆ, ಇಷ್ಟು ದಿನ ಮುಖ ತೋರಿಸದಿದ್ದ ಮೆಂಬರೂ ಬಂದ, ಚುನಾವಣೆ ಹತ್ತಿರವಿತ್ತು. ಮೆಣಸಿನ ಸಾರಿಗೆಂದು ನನ್ನ ಹೆಂಡತಿ ಕುಟ್ಟಿಕೊಟ್ಟ ಪುಡಿ ಕೊಡಲು ನಾನು ಆಗತಾನೆ ಹೋಗಿದ್ದೆ.

ಬಿಲ್ ಕಲೆಕ್ಟರು ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಓದಿದ. ಗೋಡೆ ಯಾವುದು, ಚಾವಣಿ ಯಾವುದು. ಬ್ಲಾಕು, ಶೀಟು. ಅವನ ಬೆರಳು ನಿಂತಿತು. “ಇಂಗೇ ಆಕುದ್ರೆ ಮನೆ ಅದೆ ಅಂತ ಬತ್ತದೆ ಕಣಕ್ಕ. ಇನ್ ಮುಂದಕ್ಕೆ ನಿಂಗೆ ಸಿಕ್ಕಲ್ಲ.”

ಮೆಂಬರು ದಾರಿ ಹೇಳಿಕೊಟ್ಟ. “ಅಷ್ಟೇ ತಾನೆ? ಒಂದ್ ಒಪ್ಪತ್ತು ಶೀಟ್ ಬಿಚ್ಚಿ ಕೆಳಿಕ್ಕೆ ಇಳ್ಸುಬುಡಿ. ಫೋಟೋ ತಕ್ಕೊಂಡ್ಮೇಲೆ ತಿರ್ಗಾ ಆಕ್ಕೊಳ್ಳಿ. ಈ ಸತಿ ನಾನೇ ನಿಂತ್ಕೊಂಡು ಮಾಡುಸ್ತೀನಿ ಬುಡಕ್ಕ.”

ಒಳಗೆ ಕೂಸು ಅಳತೊಡಗಿತು. ಅವಳು ಬಾಗಿಲಿನಲ್ಲಿ ನಿಂತಿದ್ದವಳು ಹಿಂದೆ ತಿರುಗಿ ನೋಡಿದಳು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮಂಚದ ಕೆಳಗೆ ಕೆಂಡದ ಬಾಣಲೆ ಇತ್ತು. ಸಾಂಬ್ರಾಣಿ ಹೊಗೆ ಶೀಟಿನ ಸಂದಿಯಿಂದ ಹೊರಕ್ಕೆ ಹೋಗುತ್ತಿತ್ತು.

“ಲೋ,” ಎಂದಳು ಬಿಲ್ ಕಲೆಕ್ಟರಿಗೆ. ಮೆಂಬರಿನ ಕಡೆ ತಿರುಗಲೂ ಇಲ್ಲ. “ಮನೆ ಅದೆ ಅಂತ್ಲೇ ಬರ್ಕೊಳ್ಳಾ.”

“ಅಕ್ಕ, ಯೋಚ್ನೆ ಮಾಡು…”

“ಬಾಣಂತಿ ಮಲ್ಗವ್ಳೆ. ಗಾಳಿ ಬತ್ತದೆ, ಅಡ್ಡ ನಿಂತ್ಕೊಬ್ಯಾಡಿ, ಓಗಿ,” ಎಂದು ಬಾಗಿಲು ಮುಂದಕ್ಕೆಳೆದಳು.

ಅವನು ಬೀದಿಯಲ್ಲೇ ನಿಂತು ‘ಮನೆ ಇದೆ’ ಎನ್ನುವುದನ್ನು ಒತ್ತಿದ.