ಹಸಿ ಸುಣ್ಣದ ಗೋಡೆ

ಮೇಷ್ಟ್ರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಸುಣ್ಣ ಕೂತಿರುತ್ತಿತ್ತು. ಕಾಫಿ ಲೋಟ ಹಿಡಿದಾಗಲೂ ಕನ್ನಡಕ ಸರಿಮಾಡಿಕೊಂಡಾಗಲೂ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

ಮಕ್ಕಳೇ, ನಿಮಗೂ ಅವರ ನೆನಪಿರಬೇಕು. ವಸಂತಪುರದಲ್ಲಿ ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳನ್ನೇ ಮ್ಯೂಸಿಯಂ ಮಾಡಿದ್ದ ಡ್ರಾಯಿಂಗ್ ಮೇಷ್ಟ್ರು. ಒಂದರಲ್ಲಿ ಸುತ್ತಲಿನ ಹಳ್ಳಿಗಳಿಂದ ತಂದ ಬಾವಿ ರಾಟೆ, ಸೇರು, ಒನಕೆ. ಇನ್ನೊಂದರ ಗೋಡೆಗಳ ಮೇಲೆ, ಐನೂರು ವರ್ಷದ ಹಿಂದೆ ಇಟಲಿಯ ಚರ್ಚುಗಳಲ್ಲಿ ಬರೆದ ಚಿತ್ರಗಳನ್ನು ನೋಡಿಕೊಂಡು, ಅಲ್ಲಿಯವರ ಹಾಗೆಯೇ ಹಸಿ ಸುಣ್ಣದ ಗಾರೆಯ ಮೇಲೆ ಇವರು ಬರೆದ ಚಿತ್ರಗಳು.

ನಿಮ್ಮ ತಾತ ತೀರಿಕೊಂಡು ಕೆಲವು ತಿಂಗಳಾಗಿತ್ತು. ಜನರ ಮುಂದೆ ಅಳಲು ಸಂಕೋಚವಾಗಿ ನಾನು ಅತ್ತೇ ಇರಲಿಲ್ಲ. ನಿಮ್ಮ ಅಮ್ಮ ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋದಳು. ನೀವು ಒಳಗೆ ಓಡಿದಿರಿ. ನಾನು ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆ.

"ಇದು ದೇವಸ್ಥಾನ ಅಲ್ಲಮ್ಮ, ಚಪ್ಪಲಿ ಹಾಕ್ಕೊಂಡೇ ಬನ್ನಿ. ನೆಲ ನಮ್ಮನೆಯವಳು ಒರೆಸ್ತಾಳೆ" ಎಂದರು ಮೇಷ್ಟ್ರು.

"ಒಂದಿನ ನೀವು ಒರೆಸಿ ನೋಡಿ, ಗೊತ್ತಾಗತ್ತೆ" ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಚಿತ್ರದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಮೇಷ್ಟ್ರು ಸಮಾಧಾನದ ಮಾತೇನೂ ಆಡಲಿಲ್ಲ. "ಸುಣ್ಣ ಹಸಿ ಇರೋವಾಗ್ಲೇ ಬರೀಬೇಕಮ್ಮ. ಒಣಗಿದ್ಮೇಲೆ ಬಣ್ಣ ಒಳಕ್ಕೆ ಇಳಿಯಲ್ಲ" ಎಂದರು.

ನಮ್ಮೂರಲ್ಲೂ ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯ ಬುಡಕ್ಕೆ, ಅದು ಆರುವ ಮೊದಲೇ, ಕೆಮ್ಮಣ್ಣಿನ ಪಟ್ಟೆ ಎಳೆಯುತ್ತಿದ್ದೆವು. ಕಾರಣೆ ಎನ್ನುತ್ತೇವೆ. ಅದನ್ನು ಹೇಗೋ ಹೇಳಿಬಿಟ್ಟೆ. ಅವರ ಮುಖ ಅರಳಿತು.

"ಹಂಗಾದ್ರೆ ಆ ರಾಟೆ ಇಟ್ಟಿರೋ ಗೋಡೆಗೆ ನೀವೇ ಎಳೀರಿ."

"ನಾನು ಎಳೀಬಾರ್ದು."

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ತಾತ ಹೋದ ಮೇಲೆ ಕುಂಕುಮದ ಜೊತೆ ಕೆಮ್ಮಣ್ಣನ್ನೂ ನಾನೇ ಬಿಟ್ಟಿದ್ದೆ.

ಆಮೇಲೆ ನಿಮ್ಮನ್ನು ಸ್ಕೂಲ್ ಬಸ್ಸಿಗೆ ಹತ್ತಿಸಿ ಒಬ್ಬಳೇ ಅಲ್ಲಿಗೆ ಹೋಗತೊಡಗಿದೆ. ಸುಮ್ಮನೆ ಕೂತು ಬರುತ್ತಿದ್ದೆ. "ಸುಣ್ಣ ಕಲಸ್ಲಾ?" ಎಂದು ಪ್ರತಿಸಲ ಕೇಳುತ್ತಿದ್ದರು. ನಾನು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದೆ. "ಆಗ್ಲಿ ಬಿಡಿ, ಗೋಡೆ ಎಲ್ಲಿಗೂ ಹೋಗಲ್ಲ" ಎನ್ನುತ್ತಿದ್ದರು.

ಈ ಚಳಿಗಾಲದಲ್ಲಿ ಅವರೇ ಹೋದರು. ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರ ಹೆಂಡತಿ ಫೋನ್ ಮಾಡಿದರು. "ಅವರು ನೆನೆಹಾಕಿದ್ದ ಸುಣ್ಣ ಹಿತ್ತಲಲ್ಲಿ ಹಂಗೇ ಇತ್ತು. ಆ ರಾಟೆ ಗೋಡೆಗೆ ಬಳಿದುಬಿಟ್ಟಿದೀನಿ. ಒಣಗೋದ್ರೊಳಗೆ ಬನ್ನಿ."

ಹೋದೆ. ಅವರ ಹಣೆ ಬರಿದಾಗಿತ್ತು. ಕೈಯಲ್ಲಿ ಕೆಮ್ಮಣ್ಣು ಕಲಸಿದ ಬಟ್ಟಲಿತ್ತು. ನಾನು ಮತ್ತೆ ಬಾಗಿಲಲ್ಲೇ ನಿಂತೆ.

"ಈಗ ನಾನೂ ಇದನ್ನ ಮುಟ್ಟಬಾರ್ದು ಅಂತೀರಾ?" ಎಂದು ಕೇಳಿದರು.

ಹೌದೆನ್ನಲು ನನ್ನಿಂದಾಗಲಿಲ್ಲ. ಬಟ್ಟೆ ಅದ್ದಿ ಗೆರೆ ಎಳೆದೆ. ಅರ್ಧ ಗೋಡೆ ದಾಟುವಷ್ಟರಲ್ಲಿ ಅಳು ಬಂತು. ನಿಮ್ಮ ತಾತನಿಗಾಗಿ ಅಳಬೇಕಾಗಿದ್ದದ್ದೂ ಅದರಲ್ಲೇ ಬಂತು. ಅಲ್ಲಿಂದ ಮುಂದೆ ಗೆರೆ ಡೊಂಕಾಗಿದೆ, ಹೋದಾಗ ನೋಡಿ. ಅವರು ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದರು.

ಮನೆಗೆ ಬಂದು ಕೈ ತೊಳೆದೆ. ಹಸಿ ಗೋಡೆ ತಾಗಿ ಉಗುರು ಸಂದಿಯಲ್ಲಿ ಕೂತ ಸುಣ್ಣ ಹೋಗಲಿಲ್ಲ. ಉಜ್ಜಿ ತೆಗೆಯಲು ಮನಸ್ಸಾಗಲಿಲ್ಲ.