ಅವ್ವನ ಸಾವಿಗೆ ನಕ್ಕ ಜನ

ಹದಿನೆಂಟು ವರ್ಷ ತೆಲುಗು ಸಿನಿಮಾಗಳಲ್ಲಿ ಬಿದ್ದು, ಎದ್ದು, ಒದೆ ತಿಂದು ಜನರನ್ನು ನಗಿಸಿದವನು ನಾನು. ಬೀದರ್ ಕಡೆಯಿಂದ ಬಂದ ನನ್ನ ತೆಲುಗು ಕೇಳಿಯೇ ಮೊದಮೊದಲು ಜನ ನಗುತ್ತಿದ್ದರು. ಆಮೇಲೆ ಮುಖ ಕಂಡರೆ ಸಾಕು, ನಗುತ್ತಿದ್ದರು. ಆದರೆ ನಾನೇ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ನಗಿಸುವ ಆಸೆ ಇರಲಿಲ್ಲ. ಅದರಲ್ಲಿ ನನ್ನ ಅವ್ವನ ಸಾವಿತ್ತು. ಮಗನ ಪಾತ್ರವನ್ನು ನಾನೇ ಮಾಡಿದ್ದೆ.

ಬಿಡುಗಡೆಯ ದಿನ ಹೆಂಡತಿಯೊಂದಿಗೆ ಕಾಚಿಗೂಡದ ಚಿತ್ರಮಂದಿರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ತೆರೆಯ ಮೇಲೆ ನಾನು ಅವ್ವನ ಹೆಣದ ಕಾಲು ಹಿಡಿದು ಅಳತೊಡಗಿದೆ. ಯಾರೋ ಕಿಸಕ್ಕೆಂದರು. ನೋಡನೋಡುತ್ತ ಇಡೀ ಮಂದಿರವೇ ನಗತೊಡಗಿತು.

ತಡೆಯಲಾಗದೆ ಎದ್ದು ನಿಂತು, ನಗಬೇಡಿ ಎಂದು ತೆಲುಗಿನಲ್ಲಿ ಕೂಗಿದೆ. ತಿರುಗಿ ನೋಡಿದವರು ಗುರುತು ಹಿಡಿದು ಸಿಳ್ಳೆ ಹಾಕಿದರು. ಇದೂ ಒಂದು ತಮಾಷೆ ಎಂದುಕೊಂಡಿರಬೇಕು.

"ಕುಂದರ್ರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಹೆಂಡತಿ ನನ್ನ ಅಂಗಿ ಹಿಡಿದೆಳೆದಳು.

"ಅವ್ವ ಸತ್ತಾಗ ನಾ ಹಿಂಗ ಅತ್ತಿದ್ದಿಲ್ಲೇನ? ನೀ ನೋಡಿಲ್ಲೇನ?"

"ನಾ ನೋಡೀನ್ರಿ. ಇವರು ನೋಡಿಲ್ಲಲ್ರಿ."

ಹೊರಬರುವಾಗ ವಯಸ್ಸಾದವರೊಬ್ಬರು ನನ್ನ ಎರಡೂ ಕೈ ಹಿಡಿದು, ಹೊಟ್ಟೆ ಹುಣ್ಣಾಗುವಂತೆ ನಗಿಸಿದಿರಿ ಎಂದು ಉರ್ದುವಿನಲ್ಲಿ ಹರಸಿದರು. ನಾನು ರೂಢಿಯಂತೆ ಹಲ್ಲು ಕಿರಿದು ಸಲಾಂ ಮಾಡಿದೆ.

ಮತ್ತೆ ನಾನು ಚಿತ್ರ ನಿರ್ದೇಶಿಸಲಿಲ್ಲ. ಮುಂದಿನ ವಾರವೇ ಮದುವೆ ಮನೆಯಲ್ಲಿ ಜಾರಿ ಬೀಳುವ ಅಡುಗೆಯವನ ಪಾತ್ರಕ್ಕೆ ಒಪ್ಪಿಕೊಂಡೆ. ಆದರೆ ಮನೆಯಲ್ಲಿ ಅಳು ಬಂದಾಗಲೆಲ್ಲ ಈಗ ಮುಖ ಮುಚ್ಚಿಕೊಳ್ಳುತ್ತೇನೆ. ಹೆಂಡತಿಯೂ ನಕ್ಕುಬಿಟ್ಟಾಳೆಂಬ ಭಯ.