ಮಗ್ಗದ ಸದ್ದಿನಲ್ಲಿ ಮಗಳ ಮಾತು

ದೊಡ್ಡಬಳ್ಳಾಪುರದ ಬಚ್ಚಪ್ಪನವರ ಮಗ್ಗದ ಮನೆಯಲ್ಲಿ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ. ಪವರ್‌ಲೂಮ್‌ಗಳ ಸದ್ದಿನಲ್ಲಿ ಎಷ್ಟು ಕೂಗಿದರೂ ವ್ಯರ್ಥ. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳಬೇಕು. ಮುನಿರತ್ನಮ್ಮ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಸೀರೆ ನೇಯುತ್ತಿದ್ದಾಳೆ. ಕಿವಿ ಯಾವಾಗ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಕರೆಂಟು ಹೋಗಿ ಮಗ್ಗಗಳು ನಿಂತಾಗಲೂ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ಕೆಲಸ ಬಿಡು ಎನ್ನುತ್ತಾಳೆ, ಬಿಟ್ಟರೆ ಮನೆ ನಡೆಯುವುದಿಲ್ಲ.

ಮಗಳು ವಾಣಿ ಹೊಸಕೋಟೆಯಲ್ಲಿ ಗಂಡನ ಮನೆಯಲ್ಲಿದ್ದಾಳೆ. ಚೊಚ್ಚಲ ಬಸುರಿ. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವಂತಿರಲಿಲ್ಲ, ತಾಯಿಯೇ ಹೋಗಬೇಕಿತ್ತು. ಅಳಿಯ ಕೊಡಿಸಿದ್ದ ದೊಡ್ಡ ಫೋನಿನಲ್ಲಿ ಬೆಳಕು ಕಂಡಾಗಲೆಲ್ಲ ಮುನಿರತ್ನಮ್ಮ ಅದನ್ನು ಕಿವಿಗೆ ಒತ್ತಿಕೊಂಡು, ಕೆಲಸದಲ್ಲಿದ್ದೇನೆ, ಆಮೇಲೆ ಮಾಡು ಎಂದು ಇಟ್ಟುಬಿಡುತ್ತಿದ್ದಳು. ಬೇಸತ್ತ ವಾಣಿ ಒಂದು ದಿನ ಪಕ್ಕದ ಮಗ್ಗದ ಅನಿತಳಿಗೆ ಫೋನು ಮಾಡಿ, ಅಮ್ಮನಿಗೆ ಮಾತಾಡುವುದಕ್ಕೇ ಪುರುಸೊತ್ತಿಲ್ಲ, ಹೆರಿಗೆಗೂ ಬರುವುದು ಬೇಡ ಎಂದಳು.

ಹೊರಗೆ ಹೋಗಿ ಮಾತಾಡಿ ಬಂದ ಅನಿತ ಅದನ್ನು ತುಟಿಯಲ್ಲೇ ಮುಟ್ಟಿಸಿದಳು. ಮುನಿರತ್ನಮ್ಮ ತನ್ನ ಮಗ್ಗ ನಿಲ್ಲಿಸಿ ಗೋಡೆಗೆ ಒರಗಿ ಕುಳಿತಳು. ಕೇಳಿಸುವುದಿಲ್ಲವೆಂದು ಮೊದಲ ಸಲ ಒಪ್ಪಿಕೊಂಡಳು.

"ಗೊತ್ತು ಕಣಕ್ಕ. ಫೋನ್ನ ಕಿವೀಗ್ ಯಾಕ್ ಇಟ್ಕೊಂತೀಯ? ಕಣ್ಮುಂದೆ ಹಿಡ್ಕೊ," ಎಂದ ಅನಿತ ಮುನಿರತ್ನಮ್ಮನ ಫೋನಿನಿಂದಲೇ ವಾಣಿಗೆ ವಿಡಿಯೋ ಕಾಲ್ ಮಾಡಿದಳು.

ವಾಣಿಯ ಊದಿಕೊಂಡ ಮುಖ ಕಾಣಿಸಿತು. ನೆಟ್‌ವರ್ಕ್ ಸರಿಯಿಲ್ಲದೆ ಚಿತ್ರ ನಿಂತು ನಿಂತು ಬರುತ್ತಿತ್ತು. ನಿಮ್ಮಮ್ಮನಿಗೆ ಕಿವಿ ಹೋಗಿದೆ ಎಂದು ಅನಿತ ತುಟಿಯಾಡಿಸಿದಳು. ವಾಣಿ ಚಿಕ್ಕಂದಿನಲ್ಲಿ ಇದೇ ಮಗ್ಗಗಳ ನಡುವೆ ಬೆಳೆದವಳು. ಇಲ್ಲಿನ ತುಟಿಮಾತು ಮರೆತಿರಲಿಲ್ಲ. ಅವಳ ಪಕ್ಕದಲ್ಲೇ ಅತ್ತೆ ಕುಳಿತಿದ್ದರು. ದನಿ ಹೊರಡಿಸದೆ ನಿಧಾನವಾಗಿ ಹೇಳಿದಳು:

"ನಂಗೆ ಭಯ ಆಗ್ತೈತಮ್ಮ. ಬಾ."

ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಎಂದು ಪುಸ್ತಕದಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಮುನಿರತ್ನಮ್ಮನಿಗೆ ಅದು ಇಷ್ಟೇ: ಇಷ್ಟು ದೂರದಿಂದ ಮಗಳ ತುಟಿ ಕಂಡಿತು.

ಸೀರೆಯನ್ನು ಅರ್ಧಕ್ಕೆ ಬಿಟ್ಟು ಹೊರಟಿದ್ದಕ್ಕೆ ಬಚ್ಚಪ್ಪನವರು ಗೊಣಗಿದರು. ಉಳಿದದ್ದನ್ನು ತಾನು ನೇಯುತ್ತೇನೆಂದು ಅನಿತ ಒಪ್ಪಿಸಿದಳು.

ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ ಕುಳಿತಾಗ ಮುನಿರತ್ನಮ್ಮನ ರೆಪ್ಪೆಗಳು ತಾವಾಗಿಯೇ ಮುಚ್ಚುತ್ತಿದ್ದವು. ಫೋನು ಹೊಡೆದುಕೊಂಡರೆ ಅವಳಿಗೆ ಕೇಳಿಸುವುದಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು, ಹೊಸಕೋಟೆ ಬರುವವರೆಗೂ ನಿದ್ದೆ ತಡೆದು ನೋಡುತ್ತಲೇ ಇದ್ದಳು.